ಕಿಮ್ ಸೋನ್, ಜೂನ್ ಮೂವತ್ತು

ಮೊಹರನ್ನು ಬಟ್ಟೆಯಲ್ಲಿ ಸುತ್ತಿ ಬೆಳಿಗ್ಗೆಯೇ ಒಯ್ದರು.
ನನ್ನ ಹೆಬ್ಬೆರಳಲ್ಲಿ ಇನ್ನೂ ಅದರ ಕೆಂಪು.
ನಾಳೆಯಿಂದ ತಾಲೂಕು ಇಲ್ಲ. ನಮ್ಮದು ಮಾತ್ರವಲ್ಲ,
ದೇಶದಲ್ಲೆಲ್ಲೂ ಇಲ್ಲ; ಹುಯೆನ್ ಎಂಬ ಮಾತು
ಇನ್ನು ಅಜ್ಜಿಯರ ಬಾಯಲ್ಲಷ್ಟೇ.
ಕಡತ ಕಟ್ಟಲು ದಾರ ಸಾಲದೆ
ಜೊಂಡಿನ ಹುರಿ ತರಿಸಿದೆ.
ಅದಕ್ಕೆ ನಮ್ಮಲ್ಲಿ ಬರವಿಲ್ಲ.

ಮೂರನೆಯ ಕಪಾಟಿನಲ್ಲಿ ಅಪ್ಪ ಸಿಕ್ಕಿದ.
ಹುಟ್ಟಿದ್ದು: ನಿನ್ ಬಿನ್ ಪ್ರಾಂತ್ಯ.
ಮದುವೆ: ಹಾ ನಾಮ್ ನಿನ್ ಪ್ರಾಂತ್ಯ,
ಮೂರು ಮನೆಗೂ ಒಂದೇ ಒಲೆ ಹೂಡಿದ ಕಾಲ.
ಸತ್ತದ್ದು: ಮತ್ತೆ ನಿನ್ ಬಿನ್.
ನಡುವೆ ನಮ್ಮ ತಾಲೂಕು
ನೆರೆಯ ಯೆನ್ ಖಾನ್‌ನ ಒಂಬತ್ತು ಹಳ್ಳಿ ನುಂಗಿ
ಹದಿನೇಳು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು
ಹಾಗೇ ಹೊರಗೆ ಹಾಕಿತು.
ಅಷ್ಟೂ ದಿನ ಆತ ಮಲಗಿದ್ದು ಒಂದೇ ಮಂಚದಲ್ಲಿ,
ಕಿಟಕಿಯ ಕಡೆಗೆ ತಲೆಯಿಟ್ಟು.

ನಾಳೆ ಮತ್ತೆ ಮೂರೂ ಒಂದಾಗುತ್ತವೆ,
ಈ ಸಲ ನಮ್ಮ ಹೆಸರಿನಲ್ಲಿ.
ನನ್ನ ಗಂಡ ನಾಮ್ ದಿನ್‌ನವನು, ಅವನಿಗೆ ಸಿಟ್ಟು:
"ಹೆಸರು ನಿಮ್ಮದಾಯಿತು, ಫೋ ಆದರೂ ನಮ್ಮದಿರಲಿ."
ಹೆಸರಿಡುವವರು ಊರಿಗೂ ಇಡುತ್ತಾರೆ,
ಊಟಕ್ಕೂ ಇಡುತ್ತಾರೆ.

ಇನ್ನೂರು ವರ್ಷದ ಹಿಂದೆ ಈ ಕಚೇರಿಯ ಜಾಗದಲ್ಲಿ
ಸಮುದ್ರವಿತ್ತು. ಪೂರಾ ಸಮುದ್ರವೂ ಅಲ್ಲ.
ದಾಯ್ ನದಿ ಮೇಲಿನೂರುಗಳ ಮಣ್ಣು ಕದ್ದು ತಂದು
ಯಾರೂ ಕೇಳದ ಕಡೆ ಬಚ್ಚಿಟ್ಟಿತ್ತು.
ಒಬ್ಬ ಅಧಿಕಾರಿ ಬಂದ. ನೆಲವಿಲ್ಲದ
ಸಾವಿರ ಚಿಲ್ಲರೆ ಜನರನ್ನು ತಂದು ಕೆಸರಿಗಿಳಿಸಿದ,
ಹಗ್ಗ ಹಿಡಿದು ನೇರ ಕಾಲುವೆ ಎಳೆಸಿದ.
ದಿಬ್ಬವೂ ಇಲ್ಲದ ಬಯಲಿಗೆ
ಚಿನ್ನದ ಬೆಟ್ಟ ಎಂದು ಹೆಸರಾಯಿತು.
ಎತ್ತರದ್ದೆಂದರೆ ಫಾತ್ ಜಿಯೆಮ್‌ನ ಕಲ್ಲಿನ ಚರ್ಚು.
ಅದೂ ಬಿದಿರಿನ ಗೂಟಗಳ ಮೇಲೆ ಕೂತಿದೆ,
ಮೆಲ್ಲಗೆ ಇಳಿಯುತ್ತಿದೆ ಎನ್ನುತ್ತಾರೆ.

ಮೊದಲು ಹುಲ್ಲು, ಆಮೇಲೆ ಜೊಂಡು, ಉಪ್ಪು ಸತ್ತ ಮೇಲೆ ಭತ್ತ.
ಒಡ್ಡು ಕಟ್ಟಿದೆವು, ಕಡಲು ಸರಿಯಿತು,
ಇನ್ನೊಂದು ಕಟ್ಟಿದೆವು.
ಬಿನ್ ಮಿನ್ ಎಂದು ಒಡ್ಡುಗಳ ಹೆಸರು. ಬೆಳಗು.
ಬೆಳಗು ಒಂದು, ಬೆಳಗು ಎರಡು, ಬೆಳಗು ಮೂರು.
ಬೆಳಗು ಒಂದರ ಪಕ್ಕ ಈಗ ಮೊಬೈಲ್ ಅಂಗಡಿ.
ಎರಡರ ಆಚೆ ಸೀಗಡಿ ಹೊಂಡ, ರಾತ್ರಿಯಿಡೀ
ನೀರು ಕಡೆಯುವ ಮೋಟಾರಿನ ಸದ್ದು.

ಅಪ್ಪನನ್ನು ಸರಪಳಿಯ ಖಿಯೆಮ್ ಎನ್ನುತ್ತಿದ್ದರು,
ಭೂಮಾಪನದವರ ಹಿಂದೆ ಸರಪಳಿ ಹೊತ್ತವನು.
ಹೊಸವರ್ಷ ಕಳೆದ ಮೊದಲ ದೊಡ್ಡ ಇಳಿತಕ್ಕೆ
ಕೊನೆಯ ಒಡ್ಡು ದಾಟಿ ಒಬ್ಬನೇ ಹೋಗುತ್ತಿದ್ದ.
ಮೊದಲ ಹುಲ್ಲೆಳೆ ಕಂಡಲ್ಲಿ ಬಿದಿರಿನ ಗೂಟ ನೆಟ್ಟು
ಹೋದ ವರ್ಷದ ಗೂಟದವರೆಗೆ ಹೆಜ್ಜೆ ಎಣಿಸಿ
ಪುಸ್ತಕದಲ್ಲಿ ಬರೆಯುತ್ತಿದ್ದ. ಯಾರೂ ಹೇಳಿದ್ದಲ್ಲ,
ಸಂಬಳಕ್ಕೆ ಸೇರಿದ್ದಲ್ಲ.
೧೯೮೪: ತೊಂಬತ್ತೊಂದು.
೧೯೯೬: ಎಪ್ಪತ್ತು, ಬಲಗಾಲು ನೋವು.
೨೦೦೫: ಬಿರುಗಾಳಿ. ಗೂಟ ಸಿಗಲಿಲ್ಲ.
ಕೊನೆಯ ಸಾಲು ನನ್ನ ಅಕ್ಷರ,
ಒಡ್ಡಿನ ಮೇಲೆ ಕಾಲು ಚಾಚಿ ಕೂತು ಆತ ಕೂಗಿ ಬರೆಸಿದ್ದು.
ಪುಸ್ತಕದಲ್ಲಿ ಪ್ರಾಂತ್ಯಕ್ಕೆ, ತಾಲೂಕಿಗೆ ಕಲಮೇ ಇಲ್ಲ.
ಸರಕಾರಿ ಮನುಷ್ಯ ಹೇಗೆ ಮರೆತ?

ಮೂರು ಗಂಟೆಗೆ ಕಚೇರಿಗೆ ಬೀಗ.
ಬೋರ್ಡು ಇಳಿಸಿದ ಹುಡುಗರು ಗೋಡೆಗೆ ಆನಿಸಿಟ್ಟು
ಫೋಟೋ ತೆಗೆಸಿಕೊಂಡರು. ನಾನೂ ನಿಂತೆ.
ಉಳಿದ ಹುರಿ ಚೀಲಕ್ಕೆ ಹಾಕಿಕೊಂಡು
ಮಗಳು ನ್ಯಾನ್‌ಳನ್ನು ಗಾಡಿಯ ಹಿಂದೆ ಕೂರಿಸಿ
ಬೆಳಗು ಮೂರರ ತುದಿಗೆ ಹೋದೆ.

ಇಳಿತ. ಕಣ್ಣು ಮುಟ್ಟುವವರೆಗೆ ಕಂದು.
ಕಾಂಡ್ಲಾ ಸಸಿಗಳು ಮೊಣಕಾಲೆತ್ತರ,
ಏಡಿಗಳು ನಮ್ಮ ನೆರಳಿಗೆ ಬಿಲ ಸೇರಿದವು.
"ಅಮ್ಮ, ಇದು ಯಾವ ಪ್ರಾಂತ್ಯ?"
"ಇನ್ನೂ ನೀರಿನದು," ಎಂದೆ. "ನಡಿ, ಎಣಿಸು."
ಅವಳು ಜೋರಾಗಿ ಎಣಿಸಿದಳು, ಶಾಲೆಯ ರಾಗದಲ್ಲಿ.
ಮೂವತ್ತೆಂಟಕ್ಕೆ ಲೆಕ್ಕ ತಪ್ಪಿತು.
ಚಪ್ಪಲಿ ಒಂದು ಕೆಸರಲ್ಲೇ ಉಳಿದಿತ್ತು,
ಕೀಳಲು ಇಬ್ಬರೂ ಬಗ್ಗಿದೆವು.